ಒಂದು ಗೇಣು ಮೇಲಿನ ಚಿಲಕ

ಆ ಕಿಟಕಿ ಹಾಕಿಬಿಡಿ. ಲೈಟು ಇರಲಿ... ಬೇಡ, ಆರಿಸಿ. ಇದನ್ನು ಹೇಳುವಾಗ ನನ್ನ ಮುಖ ಕಾಣದಿದ್ದರೇ ಒಳ್ಳೆಯದು.

ದೆವ್ವಗಳ ವಿಷಯದಲ್ಲಿ ನನ್ನ ಪರಾಕ್ರಮ ನಿಮಗೆಲ್ಲ ಗೊತ್ತೇ ಇದೆ. ರೈಲು ಹಳಿಯ ಮೇಲಿನ ತಲೆಯಿಲ್ಲದವನಿಗೆ ಬೀಡಿ ಹಚ್ಚಿಕೊಟ್ಟು, ಎಲ್ಲಿಟ್ಟು ಸೇದುತ್ತೀಯೋ ಮಾರಾಯ ಎಂದು ಕೇಳಿದವನು ನಾನು. ಗೋಡೌನಿನ ದೆವ್ವ ನನ್ನ ಗೊರಕೆ ತಾಳಲಾರದೆ ಗಂಟುಮೂಟೆ ಕಟ್ಟಿದ್ದನ್ನೂ ಕೇಳಿದ್ದೀರಿ. ಅವುಗಳಲ್ಲಿ ಮುಕ್ಕಾಲು ಪಾಲು ಬುರುಡೆ, ಉಳಿದ ಕಾಲು ಪಾಲಿಗೆ ಉಪ್ಪು ಖಾರ ಹಚ್ಚಿದ್ದು. ಒಪ್ಪಿಕೊಂಡೆ. ಇದು ಮಾತ್ರ ಆ ಜಾತಿಯದಲ್ಲ. ಇದು ನನ್ನ ಚಿಕ್ಕಮ್ಮನ ಮಗನಿಗೆ ಆದದ್ದು.

ಅವನು ಬಡಗಿ. ಎಲ್ಲರೂ ಅವನನ್ನು ಕರೆಯುವುದು ಗೇಣು ಎಂದು. ಜೇಬಿನಲ್ಲಿ ಟೇಪು ಇದ್ದರೂ ಅವನು ಅಳೆಯುವುದು ಹೆಬ್ಬೆರಳು ಕಿರುಬೆರಳು ಚಾಚಿಯೇ. "ಟೇಪು ಸುಳ್ಳು ಹೇಳಬಹುದು, ನನ್ನ ಕೈ ಹೇಳಲ್ಲ" ಎಂಬುದು ಅವನ ಜಂಬ. ಆಸ್ಪತ್ರೆಯಲ್ಲಿ ಮಗಳನ್ನು ತಂದು ತೋರಿಸಿದರೆ, ಮುಖ ನೋಡುವ ಮೊದಲು ಗೇಣು ಹಾಕಿ, "ಎರಡು ಗೇಣು, ಎರಡು ಬೆರಳು" ಎಂದು ನರ್ಸಿಗೆ ವರದಿ ಒಪ್ಪಿಸಿದ ಪುಣ್ಯಾತ್ಮ. ನರ್ಸು ಟೇಪು ಹಿಡಿದು ನೋಡಿದಳಂತೆ. ಸರಿಯಾಗಿತ್ತಂತೆ.

ಆ ರಾತ್ರಿ ಅವನು ಒಂದು ಅಂಗಡಿಯ ಕಪಾಟು ಮುಗಿಸಿ ಮನೆಗೆ ನಡೆದು ಬರುತ್ತಿದ್ದ. ಹನ್ನೊಂದು ಗಂಟೆ ಇರಬೇಕು. ಹೆಗಲಲ್ಲಿ ಹತಾರದ ಚೀಲ. ಬೀದಿ ದೀಪ ಕೆಟ್ಟು ಎಷ್ಟೋ ದಿನ. ಅವನ ಓಣಿಯ ತಿರುವಿನಲ್ಲಿ ಒಂದು ಹಳೇ ಬಾವಿ. ಯಾರೂ ನೀರು ಸೇದುವುದಿಲ್ಲ. ಅದರ ಬಾಯಿಗೆ ಒಂದು ಮರದ ಕದ ಅಡ್ಡ ಹಾಕಿದೆ. ಏಳೆಂಟು ತಿಂಗಳ ಹಿಂದೆ ಹಾಕಿದವನು ಇವನೇ.

ಬಾವಿ ದಾಟಿ ನಾಲ್ಕು ಹೆಜ್ಜೆ ಹೋಗಿರಬಹುದು...

ಸರಕ್.

ಆಮೇಲೆ... ಧಪ್.

ನಿಂತ. ಚೀಲದೊಳಗೆ ಉಳಿ ಸುತ್ತಿಗೆಗೆ ತಾಗಿ ಕಿಣ್ ಎಂದಿತು. ಅದನ್ನು ಕೈಯಲ್ಲಿ ಒತ್ತಿ ಹಿಡಿದ. ಏನೂ ಇಲ್ಲ. ಬೆಕ್ಕು ಅಂದುಕೊಂಡ. ಮತ್ತೆ ಹೆಜ್ಜೆ ಇಟ್ಟ.

ಸರಕ್... ಧಪ್. ಸರಕ್... ಧಪ್.

ಶಬ್ದ ಬರುತ್ತಿದ್ದದ್ದು ಕದದ ಕೆಳಗಿಂದ. ಬಡಗಿಯ ಕಿವಿ, ಮರದ ಮೇಲೆ ಉಗುರು ಜಾರುವ ಸದ್ದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರಕ್ ಎಂಬುದು ಅದು. ಧಪ್ ಎಂಬುದು ಬರಿಗಾಲ ಹಿಮ್ಮಡಿ ಸಿಮೆಂಟು ನೆಲಕ್ಕೆ ಬೀಳುವ ಸದ್ದು. ಯಾರೋ ಹಾರುತ್ತಿದ್ದಾರೆ. ಹಾರಿ, ಕೈ ಚಾಚಿ, ಎಟುಕದೆ, ಕೆಳಗಿಳಿಯುತ್ತಿದ್ದಾರೆ. ಆದರೆ ಬಾವಿಯೊಳಗೆ ಸಿಮೆಂಟು ನೆಲ ಎಲ್ಲಿಂದ ಬಂತು... ನೀರಿಗೆ ಬಿದ್ದರೆ ಗುಳುಂ ಅನ್ನಬೇಕು.

ಬಗ್ಗಿದ. ಯಾಕೆ ಬಗ್ಗಿದೆಯೋ ಎಂದು ನಾನು ಎಷ್ಟು ಸಲ ಕೇಳಿದ್ದೇನೆ. ಗೊತ್ತಿಲ್ಲ ಅನ್ನುತ್ತಾನೆ. ಕದಕ್ಕೆ ಕಿವಿ ಇಟ್ಟ.

"ಅಣ್ಣಾ..."

ಪಿಸುಮಾತು. ಮರದ ಆ ಬದಿಯಲ್ಲಿ, ಅವನ ಕಿವಿಗೆ ನೇರವಾಗಿ.

"ಅಣ್ಣಾ... ಇನ್ನೆಷ್ಟು?"

ಅವನ ಬಾಯಿ ಅವನನ್ನು ಕೇಳದೆ ಉತ್ತರ ಕೊಟ್ಟುಬಿಟ್ಟಿತು. "ಒಂದು ಗೇಣು."

ಆಮೇಲೆ ಓಡಿದ. ಓಡಿದೆ ಎಂದು ಅವನು ಇವತ್ತಿಗೂ ಒಪ್ಪುವುದಿಲ್ಲ, ಸ್ವಲ್ಪ ಬೇಗ ನಡೆದೆ ಅನ್ನುತ್ತಾನೆ. ಬೆಳಿಗ್ಗೆ ಒಂದು ಚಪ್ಪಲಿ ಬಾವಿಕಟ್ಟೆಯ ಹತ್ತಿರ ಸಿಕ್ಕಿತು, ಇನ್ನೊಂದು ಇಪ್ಪತ್ತು ಮಾರು ಆಚೆ.

ಆ ದನಿ ಅವನಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಹೇಳಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು.

ಪೇಟೆಯ ಆ ಬದಿಯಲ್ಲಿ ಒಂದು ಮಹಡಿ ಮನೆ. ಯಜಮಾನರು, ಯಜಮಾನಿ, ಸ್ಕೂಲಿಗೆ ಹೋಗುವ ಎರಡು ಮಕ್ಕಳು. ಮನೆಗೆಲಸಕ್ಕೆ ಒಂದು ಹುಡುಗಿ. ಹತ್ತೋ ಹನ್ನೊಂದೋ ವರ್ಷ. ಅವಳನ್ನು ಚಿಕ್ಕೋಳು ಅನ್ನುತ್ತಿದ್ದರು, ಯಾಕೆಂದರೆ ಅದಕ್ಕೆ ಮುಂಚೆ ಇದ್ದವಳು ದೊಡ್ಡೋಳು. ದೊಡ್ಡೋಳಿಗೆ ಹದಿಮೂರು ವರ್ಷ ಆಗಿತ್ತಂತೆ, ಅಷ್ಟೊತ್ತಿಗೆ ಬಾಯಿ ಬಂದಿತ್ತಂತೆ, ಕಳಿಸಿಬಿಟ್ಟರಂತೆ.

ಮೇಲೊಂದು ಚಿಲಕ ಕೂರಿಸಬೇಕು ಬಾ ಎಂದು ಯಜಮಾನಿ ಗೇಣುವನ್ನು ಕರೆಸಿದರು. ಚೀಲ ಹಿಡಿದು ಜೊತೆಗೊಬ್ಬ ಬಾಯಿಬಡುಕನೂ ಹೋಗಿದ್ದ. ಅವನು ಯಾರು ಎಂದು ಆಮೇಲೆ ಹೇಳುತ್ತೇನೆ.

ಬಡಗಿ ಒಂದು ಮನೆಯೊಳಗೆ ಅರ್ಧ ದಿನ ಇದ್ದರೆ ಸಾಕು, ಆ ಮನೆಯೆಲ್ಲ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳಲಿಲ್ಲ ಎನ್ನುವ ಹಾಗೆ ಇರುವುದೂ ಕಸುಬಿನ ಒಂದು ಭಾಗ. ಸಿಂಕು ಎತ್ತರ ಎಂದು ಚಿಕ್ಕೋಳು ಸ್ಟೂಲು ಹತ್ತಿ ಪಾತ್ರೆ ಉಜ್ಜುತ್ತಿದ್ದಳು. ಸೋಪುಪುಡಿಗೆ ಬೆರಳ ಸಂದೆಲ್ಲ ಬಿರಿದು ಬೆಳ್ಳಗಾಗಿತ್ತು. ಅವಳ ತಟ್ಟೆ ಲೋಟ ಸಿಂಕಿನ ಕೆಳಗೆ, ನೆಲ ಒರೆಸುವ ಬಟ್ಟೆಯ ಪಕ್ಕ. ಬೆಳಿಗ್ಗೆ ಹಾಲಿನ ವ್ಯಾನು ಬರುವ ಮೊದಲು ಎದ್ದರೆ, ರಾತ್ರಿ ಮಕ್ಕಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಮುಗಿಸುವವರೆಗೆ ಬೆನ್ನು ನೆಲ ಕಾಣುತ್ತಿರಲಿಲ್ಲ. ಮಕ್ಕಳು ಸ್ಕೂಲಿಗೆ ಹೊರಟಾಗ ಅವರ ಬ್ಯಾಗು ಹೊತ್ತು ಗೇಟಿನವರೆಗೆ ಹೋಗುವುದು, ಗೇಟಿನ ಒಳಗೇ ನಿಲ್ಲುವುದು. ಮಲಗುವುದು ಹಿಂದಿನ ಕೋಣೆಯಲ್ಲಿ, ಒಗೆಯುವ ಕಲ್ಲಿನ ಪಕ್ಕ, ಒಣಗಿದ ಬಟ್ಟೆಯ ರಾಶಿಯ ನಡುವೆ. ಆ ಕೋಣೆಗೂ ಅಡಿಗೆಮನೆಗೂ ನಡುವಿನ ಬಾಗಿಲಿಗೆ ಅಡಿಗೆಮನೆ ಕಡೆಯಿಂದ ಚಿಲಕ, ರಾತ್ರಿ ಏನಾದರೂ ತಿಂದುಬಿಟ್ಟಾಳು ಎಂದು. ಹಿತ್ತಲ ಕಡೆಗೆ ಇನ್ನೊಂದು ಕದ. ಚಿಲಕ ಬೇಕಾಗಿದ್ದದ್ದು ಅದಕ್ಕೆ.

"ಮೊನ್ನೆ ರಾತ್ರಿ ಕದ ತಕ್ಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿದಾಳೆ," ಎಂದರು ಯಜಮಾನಿ. "ಅಮ್ಮನ ಹತ್ರ ಹೋಗ್ತೀನಿ ಅಂತ. ಏನಾದ್ರೂ ಆದ್ರೆ ಯಾರು ಹೊಣೆ, ಹೇಳು. ನಮ್ಮನೆ ಮಗು ಥರ ನೋಡ್ಕೊಂಡಿದೀವಿ."

"ಬೀಗ ಹಾಕಿದ್ರೆ ಆಯ್ತಲ್ಲ ಅಮ್ಮಾ?"

"ಛೆ ಛೆ. ಮಕ್ಕಳನ್ನ ಬೀಗ ಹಾಕಿ ಕೂಡಿಡೋ ಜನವಾ ನಾವು? ನೋಡಿದೋರು ಏನಂದ್ಕೋತಾರೆ. ಒಂದು ಚಿಲಕ ಸಾಕು. ಅವಳಿಗೆ ಎಟುಕದ ಹಾಗೆ. ಸ್ಟೂಲು ನಾನು ರಾತ್ರಿ ನನ್ನ ರೂಮಿಗೆ ತಂದಿಟ್ಕೋತೀನಿ."

ಎಟುಕದ ಹಾಗೆ ಎಂದರೆ ಎಷ್ಟು ಎತ್ತರ? ಗೇಣುವಿನ ಕಸುಬುದಾರಿಕೆ ಎದ್ದು ನಿಂತಿತು. "ಹುಡುಗೀನ ಕರೀರಿ ಅಮ್ಮಾ, ಅಳತೆ ನೋಡಿಬಿಡೋಣ."

ಚಿಕ್ಕೋಳು ಕೈ ಒರೆಸಿಕೊಳ್ಳುತ್ತ ಬಂದಳು. ಅಳತೆ ಎಂದ ಕೂಡಲೇ ಅವಳು ತಪ್ಪು ತಿಳಿದಳು. ಆ ಮನೆಯ ಪಡಸಾಲೆಯ ಗೋಡೆಯ ಮೇಲೆ ಮಕ್ಕಳಿಬ್ಬರ ಎತ್ತರದ ಗೆರೆಗಳಿದ್ದವು, ವರ್ಷವರ್ಷದ್ದು. ಗೋಡೆ ಒರೆಸುವಾಗ ಆ ಗೆರೆ ಅಳಿಸಬಾರದೆಂದು ಅವಳಿಗೆ ತಾಕೀತಿತ್ತು. ತನಗೂ ಅಂಥದ್ದೇ ಏನೋ ಎಂದುಕೊಂಡಳು. ಯಾರೂ ಹೇಳದೆಯೇ ಹೋಗಿ ಚೌಕಟ್ಟಿಗೆ ಬೆನ್ನು ಒತ್ತಿ, ಹಿಮ್ಮಡಿ ಜೋಡಿಸಿ, ಗದ್ದ ಎತ್ತಿ ನಿಂತಳು.

"ಗೆರೆ ಎಳೀರಿ ಅಣ್ಣಾ," ಎಂದಳು.

ಗೇಣು ಕಿವಿಯ ಸಂದಿಯಿಂದ ಚಪ್ಪಟೆ ಪೆನ್ಸಿಲು ತೆಗೆದು ತಲೆಯ ಮೇಲೆ ಗೆರೆ ಎಳೆದ. ಕೈ ಹಾಕಿ ನೋಡಿ, "ಐದೂವರೆ ಗೇಣು" ಎಂದ. ಅವಳು ತಿರುಗಿ ಆ ಗೆರೆಯನ್ನು ಅಂಗೈಯಲ್ಲಿ ಮುಟ್ಟಿದಳು. "ಇಷ್ಟು ಇದೀನಾ ನಾನು?"

"ಈಗ ಕೈ ಎತ್ತು. ಮುಂಗಾಲ ಮೇಲೆ ನಿಲ್ಲು. ಎಷ್ಟು ಎಟುಕುತ್ತೋ ಅಷ್ಟು."

ಎತ್ತಿದಳು. ಉಸಿರು ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು. ಗೇಣು ಪೆನ್ಸಿಲು ಇಡಬೇಕು, ಅಷ್ಟರಲ್ಲಿ ಬಾಯಿಬಡುಕ ಸುಮ್ಮನಿರಬೇಕಲ್ಲ.

"ಇನ್ನೊಂಚೂರು ಎಳಿಯೇ ಮಗಳೇ. ಮೋಡ ಸಿಕ್ಕಿದ್ರೆ ನಂಗೂ ಒಂದು ತುಂಡು ಕಿತ್ಕೊಡು."

ಅವಳಿಗೆ ನಗು ಬಂತು. ನಕ್ಕು ಕೆಳಗಿಳಿದು, ಮತ್ತೆ ಎತ್ತಿದಳು. ಈ ಸಲ ಇನ್ನೂ ಮೇಲೆ. ಆ ಮನೆಯಲ್ಲಿ ಯಾರಾದರೂ ಅವಳ ಜೊತೆ ತಮಾಷೆ ಮಾಡಿ ಎಷ್ಟು ದಿನವಾಗಿತ್ತೋ... ಹೆಬ್ಬೆರಳ ತುದಿಯಲ್ಲಿ ನಿಂತು, ಮೈಯೆಲ್ಲ ತಂತಿಯ ಹಾಗೆ ಎಳೆದು, ಮೊದಲಿಗಿಂತ ಎರಡು ಬೆರಳು ಹೆಚ್ಚು ಎಟುಕಿಸಿದಳು. ಗೇಣು ಗುರುತು ಹಾಕಿದ್ದು ಅಲ್ಲಿಗೆ. ಅದರ ಮೇಲೆ ಒಂದು ಗೇಣು ಬಿಟ್ಟು ಚಿಲಕ ಕೂರಿಸಿದ. ಹಿಡಿ ತಿರುಗಿಸಿ ಕೆಳಕ್ಕೆ ಎಳೆದರೇ ತೆರೆಯುವಂಥ ಗಟ್ಟಿ ಚಿಲಕ. ಎಳೆದು ನೋಡಿದ. ಕಿರ್ರ್... ಟಕ್.

ಅವಳು ಕೆಳಗೆ ನಿಂತು ನೋಡುತ್ತಿದ್ದಳು. ಈಗ ಅರ್ಥವಾಗಿತ್ತು ಅಂತ ಕಾಣುತ್ತೆ. ನಗು ಇರಲಿಲ್ಲ.

"ಅಣ್ಣಾ... ಇನ್ನೆಷ್ಟು ಬೆಳೆದ್ರೆ ಸಿಗುತ್ತೆ?"

"ಒಂದು ಗೇಣು."

ಅವಳು ತನ್ನ ಕೈಯನ್ನೇ ಚಾಚಿ ಕದದ ಮೇಲಿಟ್ಟು ನೋಡಿದಳು. "ಇಷ್ಟೇನಾ?" ಎಂದಳು. ನನ್ನ ಗೇಣು ನಿನ್ನದಕ್ಕಿಂತ ದೊಡ್ಡದು ಎಂದು ಗೇಣು ಹೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಆ ಹಿಂದಿನ ಕೋಣೆಗೆ ಬೆಂಕಿ ಬಿತ್ತು. ಇಸ್ತ್ರಿಪೆಟ್ಟಿಗೆಯಿಂದ. ಯೂನಿಫಾರ್ಮು ಹಾಸಿ ಇಸ್ತ್ರಿ ಹಾಕುತ್ತ ತೂಕಡಿಸಿದಳೋ ಏನೋ, ಬಟ್ಟೆಯ ರಾಶಿ ಹತ್ತಿಕೊಂಡಿತು. ಬೆಂಕಿ ದೊಡ್ಡದಲ್ಲ. ಹೊಗೆ ದೊಡ್ಡದು. ಮಹಡಿಯ ಮೇಲೆ ಮಲಗಿದ್ದವರಿಗೆ ವಾಸನೆ ಬರುವಷ್ಟರಲ್ಲಿ, ಅಡಿಗೆಮನೆ ಕಡೆಯ ಬಾಗಿಲು ತೆಗೆಯುವಷ್ಟರಲ್ಲಿ... ಹಿತ್ತಲ ಕದದ ಬುಡದಲ್ಲಿ ಸಿಕ್ಕಳು. ಆ ಗಲಾಟೆಯಲ್ಲಿ ಕದದ ಮೇಲ್ಭಾಗ ಯಾರೂ ನೋಡಲಿಲ್ಲ.

ಮಾರನೆಯ ದಿನ ಯಜಮಾನರೇ ಗೇಣುವನ್ನು ಕರೆಸಿದರು. ದನಿ ತಗ್ಗಿಸಿ ಮಾತಾಡಿದರು.

"ನಾಳೆ ತನಿಖೆಯವರು ಬರ್ತಾರೆ. ಕದ ಹೊಗೆ ಹಿಡಿದು ಅಸಹ್ಯವಾಗಿದೆ, ಬದಲಾಯಿಸಿಬಿಡು. ಚಿಲಕ... ಎಲ್ಲರ ಮನೇಲೂ ಇರೋ ಎತ್ತರಕ್ಕೆ ಇರಲಿ. ನಡುಮಟ್ಟಕ್ಕೆ."

ಗೇಣುವಿನ ಕಣ್ಣು ಕದದ ಮೇಲ್ತುದಿಗೆ ಹೋಯಿತು.

"ಮೇಲೆ ಹಾಕಿದೋನು ನೀನೇ ಅಲ್ವಾ?" ಎಂದರು ಅವರು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಹಾಕಿದ. ಹೊಸ ಕದ, ನಡುಮಟ್ಟಕ್ಕೆ ಚಿಲಕ, ಮೂರು ವರ್ಷದ ಮಗುವೂ ತೆಗೆಯಬಹುದು. ಚೌಕಟ್ಟಿನ ಮೇಲ್ತುದಿಯಲ್ಲಿದ್ದ ಹಳೇ ತೂತಿಗೆ ಮರದ ಪುಡಿ ಅಂಟಿನಲ್ಲಿ ಕಲಸಿ ತುಂಬಿದ, ಬಣ್ಣ ಬಳಿದ. ಎಷ್ಟು ನಾಜೂಕು ಕೆಲಸವೆಂದರೆ, ಅವನಿಗೇ ಆಮೇಲೆ ಹುಡುಕಿದರೆ ಸಿಗಲಿಲ್ಲ. ಅವನ ಹೆಮ್ಮೆಯ ಕೈ.

ಬಣ್ಣ ಇನ್ನೂ ಹಸಿ ಇದ್ದಾಗ ಹುಡುಗಿಯ ತಾಯಿ ಬಂದಳು, ಮಗಳ ಬಟ್ಟೆಗಂಟು ಒಯ್ಯಲು. ಕದದ ಹತ್ತಿರ ಬಂದು ನಿಂತಳು.

"ಅವಳದು ಎಚ್ಚರದ ನಿದ್ದೆ ಅಣ್ಣಾ. ಬೆಕ್ಕು ನಡೆದ್ರೂ ಏಳ್ತಿದ್ಲು. ಕದ ಇಲ್ಲೇ ಇದ್ದು ತೆಗೀಲಿಲ್ವಲ್ಲ... ಬಿಗಿ ಇತ್ತಾ ಚಿಲಕ?"

ಯಜಮಾನಿ ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇಲ್ಲಮ್ಮ," ಎಂದ ಗೇಣು. "ಅದೂ ಹೀಗೇ ಇತ್ತು. ನೋಡಿ, ಒಂದೇ ಬೆರಳು." ತೋರಿಸಿದ. ಟಿಕ್. ತೆರೆಯಿತು. ಟಿಕ್. ಹಾಕಿಕೊಂಡಿತು.

ಅವಳೂ ಒಂದು ಬೆರಳಲ್ಲಿ ಎಳೆದು ನೋಡಿದಳು. ಟಿಕ್.

"ಹಾಗಾದ್ರೆ ಮಲಗೇಬಿಟ್ಟಿದಾಳೆ ನನ್ನ ಮಗಳು," ಎಂದಳು. ಆಮೇಲೆ ಯಜಮಾನಿಯ ಕಡೆ ತಿರುಗಿ, ಮಕ್ಕಳ ಬಟ್ಟೆಯೆಲ್ಲ ಸುಟ್ಟಿದ್ದಕ್ಕೆ ಕ್ಷಮಿಸಿ ಅಮ್ಮಾ ಎಂದು ಕೈ ಮುಗಿದಳು.

ತನಿಖೆಯವರು ಬಂದರು, ನೋಡಿದರು, ಬರೆದುಕೊಂಡರು, ಹೋದರು.

ಹಳೇ ಕದವನ್ನು ಸುಟ್ಟುಬಿಡು ಎಂದಿದ್ದರು ಯಜಮಾನರು. ಗೇಣು ಸುಡಲಿಲ್ಲ. ಸತ್ಯಕ್ಕಾಗಿ ಉಳಿಸಿಕೊಂಡ ಎಂದೆಲ್ಲ ಭಾವಿಸಬೇಡಿ. ಎರಡು ಬೆರಳು ದಪ್ಪದ ಒಳ್ಳೇ ಮರ, ಬಡಗಿಗೆ ಸುಡಲು ಮನಸ್ಸು ಬರಲಿಲ್ಲ, ಅಷ್ಟೇ. ಮಸಿ ಹಿಡಿದ ಬದಿಯಲ್ಲಿ ಏನೋ ಗೀಚಿದ ಹಾಗಿತ್ತು. ನೋಡಿದ. ನೋಡಲಿಲ್ಲ ಅಂದುಕೊಂಡ. ಕತ್ತಲಾದ ಮೇಲೆ ಹೊತ್ತು ತಂದು, ಆ ಬದಿಯನ್ನು ಕೆಳಗೆ ಮಾಡಿ ಬಾವಿಗೆ ಮುಚ್ಚಿದ. ಓಣಿಯ ಮುದುಕಿಯರೆಲ್ಲ ಮೆಚ್ಚಿಕೊಂಡರು. ಮಕ್ಕಳು ಓಡಾಡೋ ಜಾಗ, ಎಂಥಾ ಒಳ್ಳೇ ಕೆಲಸ ಮಾಡಿದೆಯೋ ಎಂದರು. ಅವನು ತಲೆ ತಗ್ಗಿಸಿದ. ಎಷ್ಟು ವಿನಯ ಇವನಿಗೆ ಎಂದು ಅದಕ್ಕೂ ಮೆಚ್ಚಿಕೊಂಡರು.

ಏಳೆಂಟು ತಿಂಗಳು ಬಾವಿ ಸುಮ್ಮನಿತ್ತು. ನಾನು ಮೊದಲು ಹೇಳಿದೆನಲ್ಲ, ಆ ಅಂಗಡಿ ಕಪಾಟಿನ ರಾತ್ರಿ... ಅವತ್ತು ಸಂಜೆ ಅವನಿಗೊಂದು ಫೋನು ಬಂದಿತ್ತು. ಮಹಡಿ ಮನೆ ಯಜಮಾನಿಯದು.

"ಬಡಗಿ, ನಾಳಿದ್ದು ಬೆಳಿಗ್ಗೆ ಬಂದು ಹಿಂದಿನ ಕದಕ್ಕೆ ಮೇಲೊಂದು ಚಿಲಕ ಹಾಕಿ ಹೋಗು. ಮೊದಲಿನ ಥರಾನೇ. ಅವಳ ತಂಗಿ ಬರ್ತಿದಾಳೆ ಕೆಲಸಕ್ಕೆ. ಅವರಮ್ಮನೇ ಕಳಿಸ್ತಿದಾಳಪ್ಪ. ಮಗಳು ಅಷ್ಟೆಲ್ಲ ನಷ್ಟ ಮಾಡಿದ್ರೂ ನಾವೊಂದು ಮಾತು ಅನ್ನಲಿಲ್ಲ ಅಂತ ಅವಳಿಗೇ ನಾಚಿಕೆ. ಇವಳು ಅಕ್ಕನಿಗಿಂತ ಚೋಟು, ಜಾಸ್ತಿ ಮೇಲೇನೂ ಬೇಡ."

ಆಗಲಿ ಅಮ್ಮಾ ಎಂದಿದ್ದ ಗೇಣು. ಅಂದು ರಾತ್ರಿಯೇ ಬಾವಿ ಮಾತಾಡಿದ್ದು.

ಮಾರನೆಯ ಬೆಳಿಗ್ಗೆ ಹೆಂಡತಿ ನಡುಕೋಣೆಯ ಚೌಕಟ್ಟಿನ ಹತ್ತಿರ ನಿಂತು ಕರೆದಳು. ಅವನ ಮಗಳ ಗೆರೆಗಳು ಇರುವುದು ಅದರ ಮೇಲೆ. ಮಗಳಿಗೆ ಒಂಬತ್ತು ವರ್ಷ, ಕೊನೆಯ ಗೆರೆ ಐದು ಗೇಣಿಗೆ.

"ಇದನ್ನ ಯಾವಾಗ ಎಳೆದ್ರಿ? ನಮ್ಮ ಹುಡುಗಿ ಇಷ್ಟಿಲ್ವಲ್ಲ."

ಮಗಳ ಗೆರೆಗಿಂತ ಮೇಲೆ ಇನ್ನೊಂದು ಗೆರೆ. ಚಪ್ಪಟೆ ಪೆನ್ಸಿಲಿನದು. ಗೇಣು ಕೈ ಹಾಕಿದ. ಮತ್ತೆ ಹಾಕಿದ. ಐದೂವರೆ.

ಉಪ್ಪುಕಾಗದ ತಂದು ಉಜ್ಜಿದ. ಖರ್ ಖರ್ ಖರ್. ಮರದ ಬಿಳಿ ಬರುವವರೆಗೆ. ಚಹಾ ಕುಡಿದು ಬಂದು ನೋಡಿದರೆ... ಅದೇ ಬಿಳಿ ಮರದ ಮೇಲೆ, ಅದೇ ಗೆರೆ.

ಹೆಂಡತಿ ಅವನ ಮುಖ ನೋಡಿದಳು, ಮಗಳನ್ನು ಸ್ಕೂಲಿಗೆ ಅಟ್ಟಿದಳು, ಬಾಗಿಲು ಹಾಕಿ ಎದುರಿಗೆ ಕೂತಳು. ಎಲ್ಲ ಹೊರಗೆ ಬಂತು. ಬೆಂಕಿಯಾದ ವಿಷಯ ಅವಳಿಗೆ ಗೊತ್ತಿತ್ತು. ಚಿಲಕದ ವಿಷಯ ಗೊತ್ತಿರಲಿಲ್ಲ.

"ನಾಳೆ ಹೋಗಿ ಹಾಕಿ ಬರ್ತೀರಾ?" ಎಂದು ಕೇಳಿದಳು.

"ನಾನು ಹಾಕದಿದ್ರೆ ಇನ್ನೊಬ್ಬ ಬಡಗಿ ಹಾಕ್ತಾನೆ."

"ಹೂಂ. ಆಮೇಲೆ ಗೆರೆ ಅವನ ಮನೇಲಿ ಮೂಡುತ್ತೆ. ನಿಮಗೆ ನಿಶ್ಚಿಂತೆ."

"ಹೇಳಿದ್ರೆ ನಾನೂ ಒಳಗೆ ಹೋಗ್ತೀನಿ ಕಣೇ."

ಅವಳು ಎದ್ದು ಹೋಗಿ ಉಪ್ಪುಕಾಗದವನ್ನು ಅವನ ಚೀಲದೊಳಗೆ ಹಾಕಿದಳು. "ಈಗ ಹೊರಗಿದೀರಾ?" ಎಂದಳು.

ಅಂದು ರಾತ್ರಿ ಅವನು ಬಾಯಿಬಡುಕನ ಮನೆಗೆ ಹೋದ. ಬಾವಿಯ ಕದ ಮಗುಚಬೇಕು, ಒಂದು ಕೈ ಹಿಡಿ ಬಾ ಎಂದ. ಬಾಯಿಬಡುಕ ದಾರಿಯುದ್ದಕ್ಕೂ ತನ್ನ ದೆವ್ವಗಳ ಪ್ರತಾಪ ಕೊಚ್ಚುತ್ತ ಬಂದ. ಬಾವಿ ಹತ್ತಿರ ಬಂದಾಗ ನಿಲ್ಲಿಸಿದ. ಯಾಕೆಂದರೆ ಅವನಿಗೂ ಕೇಳಿಸಿತು.

ಸರಕ್... ಧಪ್.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸರಕ್... ಧಪ್... "ಅಣ್ಣಾ... ಇನ್ನೆಷ್ಟು?"

"ಹಿಡಿ," ಎಂದ ಗೇಣು ಪಿಸುದನಿಯಲ್ಲಿ. "ಮಗುಚು."

ಎತ್ತಿ ಮಗುಚಿದರು. ಕದ ಬಾವಿಕಟ್ಟೆಗೆ ಒರಗಿ ನಿಂತಿತು. ಬಾವಿಯೊಳಗೆ ಟಾರ್ಚು ಬಿಟ್ಟರೆ ಕಪ್ಪು ನೀರು, ಬಹಳ ಕೆಳಗೆ, ಒಂದು ಅಲೆಯೂ ಇಲ್ಲ. ಟಾರ್ಚನ್ನು ಕದದ ಮೇಲೆ ಹಿಡಿದರು.

ಬೆರಳುಗಳು. ಮಸಿಯ ಮೇಲೆ ಉದ್ದುದ್ದ ಜಾರಿದ ಬೆರಳುಗಳು. ನಾಲ್ಕು ನಾಲ್ಕಾಗಿ. ಒಂದರ ಮೇಲೊಂದು. ಎಷ್ಟು ಸಲ ಎಂದು ಲೆಕ್ಕ ಹಾಕಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಚಿಲಕದ ಹಳೇ ತೂತುಗಳು ಮೇಲೆ, ಅವುಗಳ ಕೆಳಗೆ ಎಲ್ಲಕ್ಕಿಂತ ಮೇಲಿನ ಬೆರಳಗುರುತು. ಗೇಣು ರೂಢಿಯಂತೆ ನಡುವೆ ಕೈ ಚಾಚಲು ಹೋದ. ಪೂರಾ ಗೇಣು ಹಿಡಿಸಲಿಲ್ಲ. ಬೆರಳು ಮಡಿಸಿದ, ಇನ್ನೂ ಮಡಿಸಿದ. ಹಿಡಿಸಿದ್ದು ಎರಡೇ ಬೆರಳು.

"ಹಾರಿದಾಳೆ," ಎಂದ. "ಹೆಚ್ಚುಕಡಿಮೆ ಒಂದು ಗೇಣು ಹಾರಿದಾಳೆ. ಎರಡು ಬೆರಳು ಸಾಲಲಿಲ್ಲ."

ಎರಡು ಬೆರಳು.

ಬಾಯಿಬಡುಕ ಟಾರ್ಚು ಆರಿಸಿದ. ಆ ಎರಡು ಬೆರಳು ಎಲ್ಲಿಂದ ಬಂದವು ಎಂದು ಅವನಿಗೆ ಗೊತ್ತಿತ್ತು. ಮೋಡದ ಒಂದು ತುಂಡಿಗಾಗಿ ಬಂದವು.

ಗೇಣು ಬಾವಿಯ ಮೇಲೆ ಬಗ್ಗಿ, ಬಹಳ ಮೆಲ್ಲಗೆ, "ಎರಡೇ ಬೆರಳು ಮಗಳೇ" ಎಂದ. ಈ ಸಲ ಒಳಗಿಂದ ಏನೂ ಬರಲಿಲ್ಲ.

ಬೆಳಗಾಗುತ್ತಲೇ ಇಬ್ಬರೂ ಕದ ಹೊತ್ತು ಪೇಟೆಯ ನಡುವೆ ನಡೆದರು, ಮಸಿಯ ಬದಿ ಮೇಲೆ ಮಾಡಿ. ಮಹಡಿ ಮನೆಯ ಗೇಟಿನ ಹತ್ತಿರ ತಾಯಿ ಬಂದು ನಿಂತಿದ್ದಳು. ಕೈ ಹಿಡಿದುಕೊಂಡು ಚಿಕ್ಕ ಹುಡುಗಿ, ಎಂಟು ವರ್ಷದವಳು, ಬಟ್ಟೆಯ ಚೀಲ ಎದೆಗೆ ಅವಚಿಕೊಂಡು. ಅಕ್ಕನ ಲಂಗವಿರಬೇಕು, ಸೊಂಟದಲ್ಲಿ ಎರಡು ಸುತ್ತು ಮಡಿಸಿ ಕಟ್ಟಿತ್ತು.

ಯಜಮಾನಿ ಬಾಗಿಲಲ್ಲಿ ಕಾಣಿಸಿಕೊಂಡು, "ಬಡಗಿ, ಆ ಹಲಗೆ ಏನದು? ಹಿತ್ತಲಿಂದ ಬಾ" ಎಂದರು.

ಗೇಣು ಹಿತ್ತಲಿಗೆ ಹೋಗಲಿಲ್ಲ. ಕದವನ್ನು ರಸ್ತೆಯ ಬದಿಯ ಕಾಂಪೌಂಡಿಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದ. ತಾಯಿಯ ಕಡೆ ತಿರುಗಿದ. ಅವನ ಮಾತು ಯಾವಾಗಲೂ ಅಳತೆಯ ಮಾತು, ಅವತ್ತೂ ಅಷ್ಟೇ.

"ಅವತ್ತು ನಿಮಗೆ ತೋರಿಸಿದ ಚಿಲಕ ಸುಳ್ಳಮ್ಮ. ನಿಜವಾದ್ದು ಇಲ್ಲಿತ್ತು, ಈ ತೂತಿನ ಹತ್ರ. ಅವಳಿಗೆ ಎಟುಕಬಾರದು ಅಂತ ಅವಳ ಕೈ ಎತ್ತಿಸಿ ಅಳತೆ ತಗೊಂಡೋನು ನಾನು. ಆಮೇಲೆ ಕೆಳಗಿಳಿಸಿದೋನೂ ನಾನೇ. ತೂತು ಮುಚ್ಚಿದೋನೂ ನಾನೇ."

ಯಜಮಾನಿ ಏನೋ ಅನ್ನುತ್ತಿದ್ದರು. ಒಳಗಿಂದ ಯಜಮಾನರನ್ನು ಕರೆಯುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ತಾಯಿ ಕದದ ಹತ್ತಿರ ಬಂದಳು. ಕೆಳಗಿನ ಗುರುತಿನಿಂದ ಶುರುಮಾಡಿ, ಒಂದೊಂದರ ಮೇಲೂ ತನ್ನ ನಾಲ್ಕು ಬೆರಳಿಟ್ಟಳು. ಇಡುತ್ತ ಇಡುತ್ತ ಮೇಲೆ ಹೋದಳು. ಕೊನೆಯದಕ್ಕೆ ಅವಳೂ ಮುಂಗಾಲ ಮೇಲೆ ನಿಲ್ಲಬೇಕಾಯಿತು.

"ಎದ್ದಿದ್ದಳು," ಎಂದಳು. ಗೇಣುವಿಗಲ್ಲ, ಯಾರಿಗೂ ಅಲ್ಲ. "ನನ್ನ ಮಗಳು ಎದ್ದಿದ್ದಳು."

ಆಮೇಲೆ ಸಣ್ಣವಳ ಕೈಯಿಂದ ಬಟ್ಟೆಯ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ನಾಲ್ಕೂ ಜನ ಪೊಲೀಸು ಠಾಣೆಗೆ ನಡೆದರು, ಕದ ಹೊತ್ತುಕೊಂಡು.

ಮುಂದಿನದೆಲ್ಲ ಕಾಗದದ ವ್ಯವಹಾರ. ಮಹಡಿ ಮನೆಯ ಚೌಕಟ್ಟನ್ನು ಠಾಣೆಯವನೊಬ್ಬ ಉಗುರಿಂದ ಕೆರೆದರೆ, ಗೇಣುವಿನ ನಾಜೂಕು ಕೆಲಸ ಬುರುಬುರು ಉದುರಿತಂತೆ. ಯಜಮಾನರ ಹೆಸರಿನ ಕೆಳಗೆ ಅವನ ಹೆಸರೂ ಸೇರಿತು. ಸ್ವಲ್ಪ ದಿನ ಒಳಗಿದ್ದು ಬಂದ. ಮೊಕದ್ದಮೆ ಇನ್ನೂ ನಡೆಯುತ್ತಿದೆ, ಕರೆದಾಗಲೆಲ್ಲ ಹೋಗಿ ನಿಂತು, ಅಳತೆ ಹೇಳಿ ಬರುತ್ತಾನೆ. ಯಾರಿಗೆ ಏನಾಗುತ್ತದೋ ಗೊತ್ತಿಲ್ಲ. ಆ ಸಣ್ಣವಳು ಆ ಗೇಟಿನೊಳಗೆ ಹೋಗಲಿಲ್ಲ. ಅಷ್ಟು ಗೊತ್ತು. ಬಾವಿಗೆ ಈಗ ಕಬ್ಬಿಣದ ಜಾಲರಿ ಇದೆ, ಅಲ್ಲಿ ಕಪ್ಪೆ ಬಿಟ್ಟರೆ ಬೇರೆ ಸದ್ದಿಲ್ಲ.

ಬಾಯಿಬಡುಕ ಯಾರು ಎಂದು ಹೇಳುತ್ತೇನೆ ಅಂದಿದ್ದೆ. ನಿಮಗೆ ಆಗಲೇ ಗೊತ್ತಾಗಿದೆ, ಯಾರೂ ಕೆಮ್ಮುತ್ತಲೂ ಇಲ್ಲ. ನಾನೇ. ನನ್ನ ಜೀವಮಾನದಲ್ಲಿ ಸಾವಿರ ತಮಾಷೆ ಮಾಡಿರಬಹುದು. ಒಂದನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಯಾವುದನ್ನು ಎಂದು ಕೇಳಬೇಡಿ.

ಇನ್ನೊಂದೇ ಮಾತು. ಗೇಣು ಆ ಚೌಕಟ್ಟಿನ ಮೇಲಿನ ಗೆರೆಯನ್ನು ಆಮೇಲೆ ಉಜ್ಜಲಿಲ್ಲ, ಹಾಗೇ ಬಿಟ್ಟ. ಹೋದ ತಿಂಗಳು ಮಗಳಿಗೆ ಹತ್ತು ತುಂಬಿತು, ಎತ್ತರ ನೋಡೋಣ ಎಂದು ಅವಳನ್ನು ಅಲ್ಲಿ ನಿಲ್ಲಿಸಿದ. ನಾನೂ ಇದ್ದೆ. ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮಗಳ ಹೊಸ ಗೆರೆ ಎಳೆದು, ಪಕ್ಕಕ್ಕೆ ನೋಡಿದ. ಹಳೇ ಗೆರೆ ಇದ್ದಲ್ಲೇ ಇತ್ತು, ಐದೂವರೆ ಗೇಣಿಗೆ. ಅದರ ಮೇಲೆ ಇನ್ನೊಂದು ಇತ್ತು. ಚಪ್ಪಟೆ ಪೆನ್ಸಿಲಿನದು. ಅವನು ಎಳೆದದ್ದಲ್ಲ, ಹೆಂಡತಿ ಎಳೆದದ್ದಲ್ಲ, ಮಗಳ ಕೈ ಅಲ್ಲಿಗೆ ಅಷ್ಟು ನೇರವಾಗಿ ಹೋಗುವುದಿಲ್ಲ.

ಗೇಣು ಅಳೆಯಲಿಲ್ಲ, ನೀನೇ ನೋಡು ಎಂದ. ನಾನೇ ಕೈ ಇಟ್ಟು ನೋಡಿದೆ. ನನ್ನ ಉಳಿದ ಕತೆಗಳನ್ನೆಲ್ಲ ಬುರುಡೆ ಅನ್ನಿ, ಬೇಜಾರಿಲ್ಲ. ಇದನ್ನು ಅನ್ನಬೇಡಿ. ಹಳೇ ಗೆರೆಗೂ ಅದರ ಮೇಲಿನ ಆ ಗೆರೆಗೂ ನಡುವೆ ಸರಿಯಾಗಿ ಎರಡು ಬೆರಳು.